ಹೀಟರ್ ಯಾಕ ಉರೀವಲ್ದು ಅನ್ನೂಕಿಂತ ಮೊದಲ, ಹೊಗಿ ಎಲ್ಲಿ ಹೋಗ್ತೈತಿ ನೋಡ್ರಿ

ಹೋದ ಸಲ ಹೋಳಿಗಿ ಯಾಕ ಹರೀತಾವ ಅಂತ ಬರದಿದ್ದೆ. ಭಾಳ ಮಂದಿ ಫೋನ್ ಮಾಡಿ ಮಾತಾಡಿದ್ರಿ, ಖುಷಿ ಆತು. ಈ ಸಲ ಬರಿಯೂದು ಅಡಿಗಿ ಮಾತಲ್ಲ, ಗಾಡಿಯೊಳಗ ಕುಂದ್ರಿಸಿದ ಒಂದು ಹೀಟರಿನ ಮಾತು. "ಗೋಕಾಕದ ಬಿಸಲಾಗ ಇರಾಕಿಗೆ ಹೀಟರ್ ಯಾಕ ಬೇಕಾತವ್ವಾ" ಅಂತ ನಗಬ್ಯಾಡ್ರಿ. ಪೂರ್ತಿ ಓದ್ರಿ. ಕಡೀಕ ಇದು ನಿಮ್ಮ ಬಚ್ಚಲಮನಿ ಮಾತೂ ಆಗ್ತೈತಿ, ಬಾಣಂತಿ ಖೋಲಿ ಮಾತೂ ಆಗ್ತೈತಿ.

ನಮ್ಮ ಮಗ ಇಂಗ್ಲೆಂಡಿನ ಲೀಡ್ಸ್ ಊರಾಗ ನೌಕರಿಗೆ ಅದಾನ. ಹೋದ ವರ್ಷ ದಸರಾ ಮುಗಿಸಿ, ಬನ್ನಿ ಕೊಟ್ಟು ತಗೊಂಡು, ನಾನೂ ನಮ್ಮ ಮನಿಯವರೂ ಅವನ ಕಡೆ ಹೋಗಿದ್ವಿ. ಎರಡು ಡಬ್ಬಿ ಕರದಂಟು, ಐದು ಕಿಲೋ ಜ್ವಾಳದ ಹಿಟ್ಟು, ಶೇಂಗಾ ಚಟ್ನಿ ಎಲ್ಲಾ ಕಟ್ಟಿಕೊಂಡು ಹೋಗಿದ್ವಿ. ಅವ ಅಲ್ಲಿ ಒಂದು ಹಳೇ ವ್ಯಾನ್ ತಗೊಂಡಿದ್ದ. ನಮ್ಮ ಕಡೆ ಟೆಂಪೋ ಟ್ರಾವೆಲರ್ ಇರ್ತಾವಲ್ಲ, ಹಂಗ. ಒಳಗ ಹಾಸಿಗಿ, ಸಣ್ಣ ಗ್ಯಾಸ್ ಒಲಿ, ನೀರಿನ ಕ್ಯಾನು, ಕಪಾಟು ಎಲ್ಲಾ ಐತಿ. ಅದಕ್ಕ ಕ್ಯಾಂಪರ್ ವ್ಯಾನ್ ಅಂತಾರ. ನಮ್ಮ ಅಜ್ಜನ ಕಾಲದಾಗ ಚಕ್ಕಡಿಗೆ ಕಮಾನು ಕಟ್ಟಿ, ಬುತ್ತಿ ಇಟಗೊಂಡು, ಎಲ್ಲವ್ವನ ಗುಡ್ಡಕ್ಕ ಹೋಗಿ ಅದರಾಗ ಮಲಗತಿದ್ರು. ಇದೂ ಅದ ನೋಡ್ರಿ, ಎತ್ತ ಇಲ್ಲ ಅಷ್ಟ.

ಮಗ, ಸೊಸಿ, ನಾಕು ವರ್ಷದ ಮೊಮ್ಮಗಳು, ನಾವಿಬ್ಬರು, ಹಿಂಗ ಐದು ಮಂದಿ ಅದರಾಗ ಸ್ಕಾಟ್ಲೆಂಡಿಗೆ ಹೊಂಟ್ವಿ. ಗ್ಲೆನ್ಕೋ ಅಂತ ಒಂದು ಕಣಿವಿ. ಎರಡೂ ಕಡೆ ದೊಡ್ಡ ದೊಡ್ಡ ಗುಡ್ಡ, ನಡಕ ರಸ್ತೆ. ನೋಡಾಕ ಭಾಳ ಚಂದ, ಆದ್ರ ಥಂಡಿ ಅಂದ್ರ ಥಂಡಿ. ಅಕ್ಟೋಬರ್ ಕಡೇ ವಾರ. ರಾತ್ರಿ ಉಗುಳಿದ್ರ ಹೆಪ್ಪಗಟ್ಟತೈತೇನೋ ಅನಿಸ್ತಿತ್ತು. ಆ ಥಂಡಿ ಸಲುವಾಗಿ ಗಾಡಿಯೊಳಗ, ಡ್ರೈವರ್ ಬಾಜೂ ಸೀಟಿನ ಕೆಳಗ, ಒಂದು ಡೀಸೆಲ್ ಹೀಟರ್ ಕುಂದ್ರಿಸಿದ್ರು.

ಆ ಹೀಟರ್ ಹ್ಯಾಂಗ ಕೆಲಸ ಮಾಡತೈತಿ ಅಂತ ಮಗ ಹೇಳಿದಾಗ ಮೊದಲ ನನಗ ತಿಳೀಲಿಲ್ಲ. ಆಮ್ಯಾಲ ನಾನ ನನ್ನ ಭಾಷಾದಾಗ ತಿಳಕೊಂಡೆ. ನಮ್ಮ ಜಳಕದ ತಾಮ್ರದ ಬಂಬ ನೆನಪ ಮಾಡ್ಕೋರಿ. ಬಂಬದ ನಟ್ಟನಡುವ ಒಂದು ಕೊಳವಿ. ಕೊಳವಿಯೊಳಗ ಕಟಗಿ ಉರೀತೈತಿ, ಸುತ್ತಲೂ ನೀರು. ಬೆಂಕಿಗೂ ನೀರಿಗೂ ನಡಕ ತಾಮ್ರದ ಗ್ವಾಡಿ. ಬೂದಿ ಬೀಳೂ ಜಾಗದಿಂದ ಗಾಳಿ ಒಳಗ ಬರತೈತಿ, ಮ್ಯಾಲಿನ ಬಾಯಿಂದ ಹೊಗಿ ಹೊರಗ ಹೋಗತೈತಿ. ಹೊಗಿ ನೀರಿಗೆ ಕೂಡೂದಿಲ್ಲ. ಈ ಹೀಟರೂ ಹಂಗ. ಒಳಗ ಮುಚ್ಚಿದ ಡಬ್ಬಿಯೊಳಗ ಡೀಸೆಲ್ ಉರೀತೈತಿ. ಆ ಡಬ್ಬಿ ಸುತ್ತ, ನೀರಿನ ಬದಲಿ, ಗಾಡಿಯೊಳಗಿನ ಗಾಳಿ ಹಾದು ಬಿಸಿ ಆಗಿ ಬರತೈತಿ. ಉರಿಯಾಕ ಬೇಕಾದ ಗಾಳಿ ಗಾಡಿ ಕೆಳಗಿನ ಒಂದು ಪೈಪಿನಿಂದ ಬರತೈತಿ. ಹೊಗಿ ಇನ್ನೊಂದು ಪೈಪಿನಿಂದ ಗಾಡಿ ಕೆಳಗ, ಹೊರಗ ಹೋಗತೈತಿ. ಉಸಿರಾಡೂ ಗಾಳಿ ಬ್ಯಾರೆ, ಉರಿಯೂ ಗಾಳಿ ಬ್ಯಾರೆ. ಆ ಎರಡೂ ಎಲ್ಲೂ ಕೂಡಬಾರದು. ಇಷ್ಟ ಲೆಕ್ಕ.

ಮೊದಲನೇ ರಾತ್ರಿ ಹೀಟರ್ ಚಾಲೂ ಆತು. ಬೆಚ್ಚಗಾತು. ಆದ್ರ ಒಂದೀಟು ಡೀಸೆಲ್ ವಾಸನಿ. ಸೊಸಿ "ಹೊಸದಾಗಿ ಹಚ್ಚಿದಾಗ ಹಂಗ ಬರತೈತೇನೋ ಅತ್ತಿ" ಅಂದ್ಳು. ಮಲಗಿದ್ವಿ. ಮುಂಜಾನೆ ಎದ್ದಾಗ ನನ್ನ ತಲಿ ಸಿಡೀತಿತ್ತು. ಹೊಟ್ಟಿ ತೊಳಸಿದಂಗ. ಮೊಮ್ಮಗಳು ಹಾಲು ಕುಡದಾಕಿ ವಾಂತಿ ಮಾಡ್ಕೊಂಡ್ಲು. ತಿರುವಿನ ರಸ್ತೆ, ಗಾಡಿ ಪ್ರವಾಸ, ಹೊಸಾ ನೀರು ಅಂತ ಎಲ್ಲಾರೂ ಒಂದೊಂದು ಕಾರಣ ಹೇಳಿದ್ರು. ಹೊರಗ ಗುಡ್ಡದ ಗಾಳಿಯೊಳಗ ಅಡ್ಡಾಡಿದ ಮ್ಯಾಲ ಹತ್ತು ಗಂಟೆ ಅನ್ನೂದರಾಗ ಇಬ್ಬರಿಗೂ ಆರಾಮಾತು.

ನಾ ನನ್ನ ತಲಿ ನೋವಿನ ಮಾತು ಯಾರಿಗೂ ಹೇಳಲಿಲ್ಲ. ಯಾಕ ಹೇಳಲಿಲ್ಲ? ನಿಮಗೂ ಗೊತ್ತೈತಿ ಯಾಕಂತ. ಮಗ ರಜಾ ಹಾಕಿ ರೊಕ್ಕಾ ಖರ್ಚ ಮಾಡಿ ಕರಕೊಂಡು ಬಂದಾನ, ಅವ್ವ ತಲಿ ನೋವು ಅಂತ ಕುಂತ್ರ ಎಲ್ಲಾರ ಖುಷಿ ಹಾಳಾಗತೈತಿ. ಮಿಷನ್ ವಿಷಯದಾಗ ನನಗೇನು ತಿಳೀತೈತಿ ಅನ್ನೂದು ಇನ್ನೊಂದು. ನಮಗ ಸಣ್ಣಂದಿರತ ಕಲಿಸಿದ್ದು ಅದ, ಮೈಯಾಗಿಂದು ಮೈಯಾಗ ಇಟಗೋಬೇಕು, ನಾಕು ಮಂದಿ ಮುಂದ ಹೇಳಬಾರದು. ಆ ಕಲಿಸಿದ್ದು ಆವತ್ತು ನನ್ನ ಮೊಮ್ಮಗಳ ಜೀವಕ್ಕ ಬರತಿತ್ತು.

ಎರಡನೇ ರಾತ್ರಿ ಹೀಟರ್ ಹತ್ತವಲ್ದು. ಗುಂಡಿ ಒತ್ತಿದ್ರ ಫ್ಯಾನ್ ತಿರಗತೈತಿ, ಪಂಪು ಟಿಕ್ ಟಿಕ್ ಅಂತೈತಿ, ಹೊರಗ ಬೆಳ್ಳಗ ಹೊಗಿ ಬರತೈತಿ, ಐದು ನಿಮಿಷಕ್ಕ ಬಂದ್ ಬೀಳತೈತಿ. ಮತ್ತ ಒತ್ತಿದ್ರ ಮತ್ತ ಅದ. ಮಗ ನಾಕೈದು ಸಲ ಮಾಡಿದ. ಕಡೀಕ ಬ್ಯಾಸತ್ತು, "ಅವ್ವಾ, ಗ್ಯಾಸ್ ಒಲಿ ಹತ್ತು ನಿಮಿಷ ಹಚ್ಚಿ ಬಿಡೋಣ, ಗಾಡಿ ಬೆಚ್ಚಗ ಆಗತೈತಿ, ಆಮ್ಯಾಲ ಆರಿಸಿ ಮಲಗೋಣ" ಅಂದ.

ಆವಾಗ ನನಗ ಹುಕ್ಕೇರಿ ನೆನಪಾತು.

ನನ್ನ ತಂಗಿ ಹುಕ್ಕೇರಿಯೊಳಗ ಇರತಾಳ. ಐದಾರು ವರ್ಷದ ಹಿಂದ ಅವರು ಹೊಸಾ ಮನಿ ಕಟ್ಟಿದ್ರು. ಸಣ್ಣ ಬಚ್ಚಲ, ಟೈಲ್ಸ್, ಗಟ್ಟಿ ಬಾಗಲಾ, ಒಂದು ಗೇಣಿನ ಕಿಡಕಿ. ಆ ಕಿಡಕಿಗೂ ಥಂಡಿ ಬರತೈತಂತ ರಟ್ಟು ಬಡದಿದ್ರು. ಒಳಗ ಗ್ಯಾಸ್ ಗೀಸರ್. ಆಕಿ ಸೊಸಿ ಜಳಕಕ್ಕ ಹೋದಾಕಿ ಅರ್ಧಾ ತಾಸಾದ್ರೂ ಹೊರಗ ಬರಲಿಲ್ಲ. ಒದರಿದ್ರ ಓ ಅನ್ನವಲ್ಲಳು. ಬಾಗಲಾ ಒಡದು ನೋಡಿದ್ರ ಬಿದ್ದಿದ್ಲು. ದೇವರ ದಯಾ, ಹೊರಗ ಗಾಳಿಗೆ ಹಾಕಿ, ದವಾಖಾನಿಗೆ ಒಯ್ದು, ಆಕ್ಸಿಜನ್ ಕೊಟ್ಟು ಉಳಿಸಿಕೊಂಡ್ರು. ಡಾಕ್ಟರು ಅವತ್ತ ಹೇಳಿದ ಮಾತು ನಾ ಮರತಿಲ್ಲ: ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ರ ಕಾರ್ಬನ್ ಮೊನಾಕ್ಸೈಡ್ ಅನ್ನೂ ವಿಷಗಾಳಿ ಹುಟ್ಟತೈತಿ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ನಮ್ಮ ರಕ್ತದಾಗ ಆಕ್ಸಿಜನ್ ಹಿಡಕೊಂಡು ಅಡ್ಡಾಡೂ ಹಿಮೋಗ್ಲೋಬಿನ್ ಐತಲ್ಲ, ಅದಕ್ಕ ಈ ವಿಷಗಾಳಿ ಆಕ್ಸಿಜನ್‌ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟತೈತಿ. ಒಮ್ಮೆ ಅಂಟಿತಂದ್ರ ಲಗೂನ ಬಿಡೂದಿಲ್ಲ. ಮೊದಲ ತಲಿ ನೋವು, ಆಮ್ಯಾಲ ಹೊಟ್ಟಿ ತೊಳಸೂದು, ವಾಂತಿ, ಚಕ್ಕರ್, ಕೈ ಕಾಲಾಗ ಶಕ್ತಿ ಇಲ್ಲದಂಗ. ಕಡೀಕ ಎದ್ದು ಬಾಗಲಾ ತಗೀಬೇಕಂದ್ರೂ ಏಳಾಕ ಆಗೂದಿಲ್ಲ.

ತಲಿ ನೋವು, ಹೊಟ್ಟಿ ತೊಳಸೂದು, ವಾಂತಿ. ಹೊರಗ ಬಂದ್ರ ಆರಾಮ. ನಾ ಬೆಚ್ಚಿ ಬಿದ್ದೆ.

"ಗ್ಯಾಸ್ ಹಚ್ಚೂದು ಬ್ಯಾಡ. ಆ ಹೀಟರಿಗೂ ಕೈ ಹಚ್ಚಬ್ಯಾಡ. ಮೊದಲ ಬಾಗಲಾ ತಗಿ" ಅಂದೆ. ಮುಂಜಾನಿಂದ ನುಂಗಿಕೊಂಡ ತಲಿ ನೋವಿನ ಮಾತು ಆವಾಗ ಹೇಳಿದೆ. ಮಗ ಸಿಟ್ಟಿಗೆದ್ದ. ಹೀಟರ್ ಮ್ಯಾಲಲ್ಲ, ನನ್ನ ಮ್ಯಾಲ. "ಮುಂಜಾನೆ ಯಾಕ ಹೇಳಲಿಲ್ಲವ್ವಾ?" ಅಂದ. ಸೊಸಿ ಒಂದೂ ಮಾತಾಡದ ಮ್ಯಾಲಿನ ಕಪಾಟಿನ ಬಾಜೂಕ ತೂಗಹಾಕಿದ ಬಿಳೇ ಡಬ್ಬಿ ತಗದು ನೋಡಿದ್ಲು. ಅದು ವಿಷಗಾಳಿ ಬಂದ್ರ ಒದರೂ ಅಲಾರ್ಮು. ಒಳಗ ಬ್ಯಾಟರಿ ಇರಲಿಲ್ಲ! ಗಾಡಿ ಮಾರಿದ ಮೊದಲಿನ ಮಾಲಕ, ಬ್ಯಾಟರಿ ಇಳದಾಗ ಅದು ಕಿಚ್ ಕಿಚ್ ಅಂತಿತ್ತಂತ, ಬ್ಯಾಟರಿನ ತಗದು ಇಟ್ಟಿದ್ದ. ನಾಯಿ ಬೊಗಳತೈತಂತ ಅದರ ಬಾಯಿ ಕಟ್ಟಿ, ಕಳ್ಳರು ಇಲ್ಲಂತ ಮಲಗಿದಂಗ.

ಆ ರಾತ್ರಿ ಇದ್ದ ಎಲ್ಲಾ ರಗ್ಗು, ಸ್ವೆಟರ್, ಮೂರು ಮೂರು ಕಾಲಚೀಲ ಹಾಕ್ಕೊಂಡ್ವಿ. ಬಾಗಲಾ ತಗದು, ಗಾಳಿ ಆಡೂವಂಗ ಮಾಡಿ, ಒಲಿ ಮ್ಯಾಲ ನೀರು ಕಾಸಿ, ಒಲಿ ಆರಿಸಿ, ರಬ್ಬರ್ ಚೀಲದಾಗ ಆ ನೀರು ತುಂಬಿ ಕೂಸಿನ ಕಾಲಾಗ ಇಟ್ವಿ. ಮ್ಯಾಲಿನ ಕಿಡಕಿ ಒಂದು ಬಟ್ಟಿನಷ್ಟು ತೆರದು ಮಲಗಿದ್ವಿ. ಥಂಡಿ ಹತ್ತಿತು. ಆದ್ರ ಮುಂಜಾನೆ ಯಾರ ತಲೀನೂ ನೋಯಲಿಲ್ಲ.

ಈಗ ರಿಪೇರಿ ಮಾತು. ಮುಂಜಾನೆ ಬೆಳಕಾದ ಮ್ಯಾಲ ಮಗ ಫೋನ್ ಹಿಡಕೊಂಡು ಕುಂತ. ಹೀಟರಿನ ಸಣ್ಣ ಪರದೆ ಮ್ಯಾಲ ಒಂದು ನಂಬರ್ ಬಂದಿತ್ತು, ಅದರ ಅರ್ಥ ಹುಡುಕತಿದ್ದ. ನಾ ಅಂದೆ, "ನಂಬರ್ ಆಮ್ಯಾಲ ನೋಡು. ಒಲಿ ಹತ್ತದಿದ್ರ ನಾವು ನೋಡೂವು ನಾಕ: ಕಟಗಿ ಹಸಿ ಐತೇನು, ಕಿಡಿ ಐತೇನು, ಗಾಳಿ ಬರತೈತೇನು, ಹೊಗಿ ಹೋಗತೈತೇನು. ನಿನ್ನ ಹೀಟರಿನಾಗ ಈ ನಾಕು ಎಲ್ಲೆಲ್ಲಿ ಅದಾವ ತೋರಿಸು." ಅವ ನಕ್ಕ. ಆದ್ರ ತೋರಿಸಿದ.

ಕಟಗಿ ಅಂದ್ರ ಡೀಸೆಲ್. ಪಂಪು ಟಿಕ್ ಟಿಕ್ ಅಂತಿತ್ತು, ಬೆಳ್ಳಗ ಹೊಗಿ ಬರತಿತ್ತು. ಬೆಳ್ಳಗ ಹೊಗಿ ಅಂದ್ರ ಎಣ್ಣಿ ಒಳಗ ಬರಾಕತ್ತೈತಿ, ಆದ್ರ ಪೂರ್ತಿ ಉರೀವಲ್ದು, ಆವಿಯಾಗಿ ಹೊರಗ ಹೋಗಾಕತ್ತೈತಿ. ಹಸೀ ಕಟಗಿ ಹೊಗಿಯಾಡಿದಂಗ. ಅಂದಮ್ಯಾಲ ಎಣ್ಣಿದು ತಕರಾರಲ್ಲ.

ಕಿಡಿ ಅಂದ್ರ ಗ್ಲೋ ಪ್ಲಗ್. ಕರೆಂಟಿನಿಂದ ಕೆಂಪಗ ಕಾದು ಡೀಸೆಲ್ಲಿಗೆ ಬೆಂಕಿ ಹಚ್ಚೂ ಸಣ್ಣ ಕಡ್ಡಿ. ಹೀಟರ್ ಒಮ್ಮೆ ಹತ್ತಿದ ಮ್ಯಾಲ ಕರೆಂಟು ಭಾಳ ಕಡಿಮಿ ತಿಂತೈತಿ, ಆದ್ರ ಹತ್ತೂ ಮೊದಲನೇ ಎರಡು ಮೂರು ನಿಮಿಷ ಈ ಕಡ್ಡಿ ಸುಮಾರು 10 ಆಂಪಿಯರ್ ಎಳೀತೈತಂತ. ಗಾಡಿ ಬ್ಯಾಟರಿ 12 ವೋಲ್ಟಿಂದು. ಮಗ ಮೀಟರ್ ಹಿಡದು ನೋಡಿದ, ಸುಮ್ಮನಿದ್ದಾಗ 12 ತೋರಸ್ತಿತ್ತು, ಹೀಟರ್ ಗುಂಡಿ ಒತ್ತಿದ ಕೂಡಲೆ 11ರ ಕೆಳಗ ಇಳೀತಿತ್ತು. ಬ್ಯಾಟರಿ ಬಡವಾಗಿತ್ತು. ಬ್ಯಾಟರಿ ಇಳದ್ರ ಕಡ್ಡಿ ಪೂರ್ತಿ ಕಾಯೂದಿಲ್ಲ, ಹೀಟರ್ ತಾನ ಬಂದ್ ಆಗತೈತಿ. ಒಂದು ಕಾರಣ ಸಿಕ್ಕಿತು.

ಮಗ ಅಲ್ಲಿಗೆ ಎದ್ದ. "ಸಿಕ್ಕಿತು ಬಿಡವ್ವಾ, ಬ್ಯಾಟರಿ ಚಾರ್ಜ್ ಮಾಡಿದ್ರ ಆತು" ಅಂದ. ಇಲ್ಲಿ ನಾ ನಿಮಗ ಹೇಳೂ ಮಾತು ಐತಿ. ಗಂಡಸರು, ಹುಡುಗರು ಹೀಟರ್ ರಿಪೇರಿ ಅಂದ್ರ "ಯಾಕ ಹತ್ತವಲ್ದು" ಅಂತ ಹುಡುಕತಾರ. ಹತ್ತಿದ ಕೂಡಲೆ ಕೆಲಸ ಮುಗೀತು ಅಂತಾರ. ಆವತ್ತು ಬ್ಯಾಟರಿ ಸರಿ ಮಾಡಿ ಹೀಟರ್ ಹಚ್ಚಿದ್ರ ಅದು ಹತ್ತತಿತ್ತು, ನಾವು ಬೆಚ್ಚಗ ಮಲಗತಿದ್ವಿ, ಮೊದಲನೇ ರಾತ್ರಿಗಿಂತ ಹೆಚ್ಚು ಹೊತ್ತು ಆ ಗಾಳಿ ಕುಡೀತಿದ್ವಿ. ಹತ್ತದ ಹೀಟರ್ ಥಂಡಿ ಕೊಡತೈತಿ, ಅಷ್ಟ. ಕೆಟ್ಟ ಹೀಟರ್ ಹತ್ತಿದ್ರ ಜೀವಾ ತಗೀತೈತಿ. ಅದಕ್ಕ ಮೊದಲ ನೋಡೂದು ಹೊಗಿ ದಾರಿ, ಆಮ್ಯಾಲ ಉಳದದ್ದು.

"ಇನ್ನೂ ಎರಡು ಉಳದಾವ, ಕೆಳಗ ಬಗ್ಗಿ ನೋಡು" ಅಂದೆ. ನಮ್ಮ ಮನಿಯವರು ಬ್ಯಾಟರಿ ಲೈಟ್ ಹಿಡದ್ರು, ಮಗ ಗಾಡಿ ಕೆಳಗ ಹಾಸಿಗಿ ಹಾಸಿಕೊಂಡು ಮಲಗಿದ. ಅಲ್ಲಿ ಎಲ್ಲಾ ಬರದು ಇಟ್ಟಂಗ ಇತ್ತು. ಹೊಗಿ ಪೈಪು ಹೀಟರಿಗೆ ಕೂಡೂ ಜಾಗದಾಗ ಬಿಗಿದ ಪಟ್ಟಿ ಸಡಲಾಗಿತ್ತು. ಅದರ ಸುತ್ತ ಕರೀ ಮಸಿ ಹತ್ತಿತ್ತು. ಹೊಗಿ ಪೈಪಿನ ತುದಿಯಿಂದ ಹೋಗೂ ಬದಲಿ ಆ ಸಂದಿಯಿಂದ ಸೋರಾಕತ್ತಿತ್ತು. ಪೈಪು ಒಳಗ ಬರೂ ಸಲುವಾಗಿ ಗಾಡಿ ತಳಕ್ಕ ಕೊರದ ತೂತಿನ ರಬ್ಬರು ಒಣಗಿ ಸೀಳಿತ್ತು. ಕೆಳಗ ಸೋರಿದ್ದು ಆ ತೂತಿನಿಂದ ಮ್ಯಾಲ ನಮ್ಮ ಹಾಸಿಗಿಗೆ ಬರತಿತ್ತು. ಇಷ್ಟ ಅಲ್ಲ, ಹೊಗಿ ಪೈಪು ಹಿಡದ ಕ್ಲಿಪ್ಪು ಮುರದು ಅದು ಜೋತು ಬಿದ್ದು, ಗಾಳಿ ಎಳಕೊಳ್ಳೂ ಪೈಪಿನ ಬಾಯಿ ಹಂತೇಕ ಬಂದಿತ್ತು. ಅಂದ್ರ ಹೀಟರ್ ತನ್ನ ಹೊಗಿ ತಾನ ಕುಡಿಯಾಕತ್ತಿತ್ತು. ಒಳ್ಳೇ ಗಾಳಿ ಸಿಗದ ಉರಿ ಎಲ್ಲಿಂದ ನಿಂದ್ರತೈತಿ?

ನೋಡ್ರಿ, ನಮಗ ತಲಿ ನೋವು ಕೊಟ್ಟದ್ದೂ ಅದ, ಹೀಟರ್ ಹತ್ತದಂಗ ಮಾಡಿದ್ದರಾಗ ಅರ್ಧಾ ಪಾಲೂ ಅದರದ. ಹೊಗಿ ದಾರಿ ಮೊದಲ ನೋಡಿದ್ರ ಎರಡೂ ಒಮ್ಮೆಲೆ ಸಿಗತಿದ್ವು.

ಅಲ್ಲಿ ಪಟ್ಟಿ ಬಿಗದು ಹಚ್ಚೂ ಧೈರ್ಯ ನಾವು ಮಾಡಲಿಲ್ಲ. ಮುಂದಿನ ಎರಡು ರಾತ್ರಿ ಬಾಡಿಗಿ ಖೋಲಿಯೊಳಗ ಇದ್ದು ಲೀಡ್ಸಿಗೆ ತಿರುಗಿ ಬಂದ್ವಿ. ಅಲ್ಲಿ ಹೀಟರ್ ಕೆಲಸದವ ಅದನ್ನ ಬಿಚ್ಚಿದ. ಒಳಗ ಉರಿಯೂ ಡಬ್ಬಿ ಪೂರ್ತಿ ಮಸಿ ಕಟ್ಟಿತ್ತು. ಬಂಬದ ಕೊಳವಿ ವರ್ಷಾನಗಟ್ಲೆ ತಿಕ್ಕದಿದ್ರ ಹ್ಯಾಂಗಿರತೈತಿ, ಹಂಗ. ಅವ ಎರಡು ಮಾತು ಹೇಳಿದ. ಹೀಟರ್ ಯಾವಾಗಲೂ ಸಣ್ಣ ಉರಿಮ್ಯಾಲ ಇಟ್ರ ಮಸಿ ಕಟ್ಟತೈತಿ, ನಡನಡಕ ಅರ್ಧಾ ತಾಸು ದೊಡ್ಡ ಉರಿಮ್ಯಾಲ ಬಿಡಬೇಕು. ಬಂದ್ ಮಾಡುವಾಗ ಗುಂಡಿಯಿಂದ ಬಂದ್ ಮಾಡಿ, ಫ್ಯಾನ್ ತಾನಾಗಿ ನಿಂದ್ರೂತನ ಕಾಯಬೇಕು, ಬ್ಯಾಟರಿ ತಂತಿ ಕಿತ್ತಬಾರದು. ಒಳಗಿನ ಬಿಸಿ ಹೊರಗ ಹೋಗದಿದ್ರ ಹೀಟರ್ ಸುಡತೈತಿ. ಹೊಸಾ ಪಟ್ಟಿ, ಹೊಸಾ ರಬ್ಬರು, ಹೊಸಾ ಬ್ಯಾಟರಿ, ಮತ್ತ ಗಾಡಿ ಸಲುವಾಗಿನ ಮಾಡಿದ ಹೊಸಾ ಅಲಾರ್ಮು ಹಾಕಿಸಿದ್ವಿ. ನಮ್ಮ ತಲಿ ನೋವು ಆ ವಿಷಗಾಳಿದ ಅಂತ ರಕ್ತಾ ಪರೀಕ್ಷಾ ಮಾಡಿಸಲಿಲ್ಲ. ಆದ್ರ ಆ ಮಸಿ, ಆ ಸೀಳಿದ ರಬ್ಬರು ನೋಡಿದ ಮ್ಯಾಲ ನನಗ ಮತ್ತ ಪುರಾವೆ ಬೇಕಾಗಲಿಲ್ಲ.

ಈಗ ನಮ್ಮೂರಿಗೆ ಬರೋಣ. "ಅದು ಇಂಗ್ಲೆಂಡಿನ ಗಾಡಿ, ನಮಗೇನು ಸಂಬಂಧ" ಅನಬ್ಯಾಡ್ರಿ. ನಮ್ಮ ದೇಶದಾಗೂ ಆಗೇತಿ. 2024ರ ಡಿಸೆಂಬರಿನಾಗ ಕೇರಳದ ವಡಕರದಾಗ ರಸ್ತೆ ಬಾಜೂಕ ನಿಂತಿದ್ದ ಕ್ಯಾರವಾನಿನೊಳಗ ಇಬ್ಬರು ಗಂಡಸರು ಸತ್ತು ಸಿಕ್ಕರು. ಗಾಡಿಯ ಜನರೇಟರಿನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಒಳಗ ತುಂಬಿತ್ತು ಅಂತ ತಪಾಸಣಿಯೊಳಗ ಹೊರಗ ಬಂತು. 2020ರ ಜನವರಿಯೊಳಗ ನೇಪಾಳದ ದಾಮನ್ ಅನ್ನೂ ಊರಾಗ ಪ್ರವಾಸಕ್ಕ ಹೋದ ಕೇರಳದ ಎಂಟು ಮಂದಿ ಒಂದ ಖೋಲಿಯೊಳಗ ಥಂಡಿಗೆ ಗ್ಯಾಸ್ ಹೀಟರ್ ಹಚ್ಚಿ, ಬಾಗಲಾ ಕಿಡಕಿ ಹಾಕ್ಕೊಂಡು ಮಲಗಿದವರು ಏಳಲೇ ಇಲ್ಲ. ಅದರಾಗ ನಾಕು ಮಂದಿ ಸಣ್ಣ ಹುಡುಗರು. ಅವರೂ ನಮ್ಮಂಗ ಮಕ್ಕಳಿಗೆ ಥಂಡಿ ಹತ್ತಬಾರದಂತ ಹಚ್ಚಿದವರು.

ನಮ್ಮ ಕಡೆ ಬನದ ಹುಣ್ಣಿಮಿಗೆ, ಭಾರತ ಹುಣ್ಣಿಮಿಗೆ ಎಲ್ಲವ್ವನ ಗುಡ್ಡಕ್ಕ ಟೆಂಪೋ, ಟ್ರ್ಯಾಕ್ಟರ್ ಮಾಡ್ಕೊಂಡು ಹೋಗ್ತೀವಿ. ಎರಡೂ ಥಂಡಿ ದಿನದಾಗ ಬರತಾವ. ರಾತ್ರಿ ಟ್ರ್ಯಾಲಿ ಮ್ಯಾಲ ತಾಡಪತ್ರಿ ಹೊಚ್ಚಿ, ಒಳಗ ಕೆಂಡದ ಬುಟ್ಟಿ ಇಟಗೊಂಡು ಮಲಗೂದು ನಾ ಕಣ್ಣಾರೆ ನೋಡೇನಿ. ಟೆಂಪೋ ನಿಂದ್ರಿಸಿ, ಇಂಜಿನ್ ಚಾಲೂ ಇಟ್ಟು, ಕಾಚು ಏರಿಸಿ ಮಲಗೂದೂ ನೋಡೇನಿ. ಕೆಂಡದಾಗ ಹೊಗಿ ಕಾಣಿಸೂದಿಲ್ಲ ಅಂತ ನಾವು ಧೈರ್ಯ ಮಾಡ್ತೀವಿ. ಕೆಂಡಾನ ಹೆಚ್ಚು ಧೋಕಾ. ಹೊಗಿ ಕಣ್ಣಿಗೆ ಉರೀ ಕೊಟ್ಟು ಎಬ್ಬಿಸತೈತಿ, ಕೆಂಡದ ವಿಷಗಾಳಿ ಎಬ್ಬಿಸೂದಿಲ್ಲ, ಮಲಗಸತೈತಿ.

ಬಾಣಂತಿ ಖೋಲಿ ಮಾತು ಹೇಳಿದ್ರ ಹಿರೇರು ಸಿಟ್ಟಾಗಬಹುದು, ಆದ್ರೂ ಹೇಳತೀನಿ. ಹೊರಸಿನ ಕೆಳಗ ಕೆಂಡದ ಶೆಗಡಿ, ಬಾಗಲಾ ಬಂದ್, ಕಿಡಕಿ ಬಂದ್, ಬಾಗಲದ ಸಂದಿಗೆ ಅರಿವಿ, ಒಳಗ ಹಸಿ ಬಾಣಂತಿ, ಹಸೀ ಕೂಸು. ಬಾಣಂತಿ "ತಲಿ ಭಾರ ಆಗೇತಿ" ಅಂದ್ರ "ಗಾಳಿ ಹೊಕ್ಕೈತಿ" ಅಂತ ಇನ್ನೊಂದು ಅರಿವಿ ತಲಿಗೆ ಕಟ್ಟತೀವಿ. ಗಾಳಿ ಹೊಕ್ಕಿದ್ದಕ್ಕಲ್ಲ ತಂಗೀ, ಗಾಳಿ ಹೊಕ್ಕದ ಇದ್ದದ್ದಕ್ಕ ಇರಬಹುದು!

"ನಮ್ಮ ಅವ್ವ ಹಿಂಗ ಎಂಟು ಬಾಣಂತನ ಮಾಡ್ಯಾಳ, ಯಾರಿಗೇನಾಗೇತಿ?" ಅಂತ ನೀವು ಕೇಳತೀರಿ. ಇದು ಸುಳ್ಳ ಪ್ರಶ್ನೆ ಅಲ್ಲ, ಉತ್ತರಾ ಕೊಡಬೇಕು. ನನ್ನ ತವರಮನಿ ಮೂಡಲಗಿ ಹಂತೇಲಿ ಹಳ್ಳಿ. ಆ ಮನಿಗೆ ಮಣ್ಣಿನ ಮಾಳಗಿ, ಮಾಳಗಿಯೊಳಗ ಬೆಳಕಿಂಡಿ, ಕಟಗಿ ಬಾಗಲದ ಹಲಗಿ ನಡಕ ಬಟ್ಟ ಹೋಗೂವಷ್ಟು ಸಂದಿ. ಬಾಗಲಾ ಹಾಕಿದ್ರೂ ಮನಿ ಉಸಿರಾಡತಿತ್ತು. ಈಗ ನಾವು ಕಟ್ಟಿದ್ದು ಸ್ಲ್ಯಾಬಿನ ಮನಿ. ಜಾರು ಕಾಚಿನ ಕಿಡಕಿ, ಬಾಗಲಕ್ಕ ರಬ್ಬರು, ಸೊಳ್ಳಿ ಬರಬಾರದು, ಧೂಳು ಬರಬಾರದು. ಮನಿ ಬದಲಾತು, ಬೆಂಕಿ ಇಡೂ ಪದ್ಧತಿ ಬದಲಾಗಲಿಲ್ಲ. ಬೆಳಕಿಂಡಿ ಮುಚ್ಚಿ, ಶೆಗಡಿ ಮಾತ್ರ ಉಳಿಸಿಕೊಂಡ್ವಿ. ತಪ್ಪು ಅವ್ವಂದಲ್ಲ.

ಮೂಡಲಗಿ ಕಡೆ ಕಬ್ಬು ಭಾಳ. ನಮ್ಮ ಅಪ್ಪನ ಹೊಲದಾಗ ಬೆಲ್ಲದ ಗಾಣ ಇತ್ತು. ದೊಡ್ಡ ಕಡಾಯಿ ಕೆಳಗ ಕಬ್ಬಿನ ಸಿಪ್ಪಿ ಉರಿ, ಹಿಂದ ಎತ್ತರಾದ ಹೊಗಿ ಗೂಡು. ಉರಿ ಹಾಕಾವ ಒಲಿ ಬಾಯಿ ನೋಡಿದ್ದಕ್ಕಿಂತ ಹೆಚ್ಚು ತಲಿ ಎತ್ತಿ ಗೂಡಿನ ಹೊಗಿ ನೋಡತಿದ್ದ. ಕರ್ರಗ ದಪ್ಪ ಹೊಗಿ ಬಂದ್ರ "ಗಾಳಿ ಸಾಲವಲ್ದು, ಬೂದಿ ತಗೀರಿ" ಅಂತಿದ್ದ. ಅವ ಸಾಲಿ ಕಲತಾವಲ್ಲ. ಹೊಗಿ ನೋಡಿ ಉರಿ ಹೇಳತಿದ್ದ. ನಾವೂ ಅಷ್ಟ, ಊದುಗೊಳವಿ ಊದಿದವರು, ಸ್ಟೋವಿಗೆ ಪಿನ್ ಹಾಕಿದವರು, ಗ್ಯಾಸಿನ ಉರಿ ನೀಲಿಯಿಂದ ಹಳದಿ ಆದ್ರ ಬರ್ನರ್ ತೊಳದವರು. ಬೆಂಕಿ ವಿದ್ಯಾ ನಮ್ಮ ಕೈಯಾಗ ಐತಿ. ಅದು ಡಬ್ಬಿಯೊಳಗ ಹೋಗಿ, ಮ್ಯಾಲ ಒಂದು ಗುಂಡಿ, ಒಂದು ನಂಬರ್ ಬಂದ ಕೂಡಲೆ "ನಮಗೇನು ತಿಳೀತೈತಿ" ಅಂತ ಹಿಂದ ಸರೀತೀವಿ. ಸರೀಬ್ಯಾಡ್ರಿ. ಡಬ್ಬಿ ಯಾವುದಾದ್ರೂ ಒಳಗ ಇರೂದು ಒಲಿನ.

ಅದಕ್ಕ ನನ್ನ ವಿನಂತಿ ಇಷ್ಟ.

ಗ್ಯಾಸ್ ಗೀಸರ್ ಬಚ್ಚಲದ ಒಳಗ ಇದ್ರ ಹೊರಗ ಹಾಕಸ್ರಿ. ಗೀಸರೂ ಸಿಲಿಂಡರೂ ಹೊರಗ, ಬಿಸಿನೀರಿನ ಪೈಪ್ ಅಷ್ಟ ಒಳಗ. ಅಲ್ಲೀತನಕ ಕಿಡಕಿಗೆ ಬಡದ ರಟ್ಟು ಇವತ್ತ ತಗೀರಿ. ಜಳಕದ ಮೊದಲ ಬಕೀಟು ತುಂಬಿಕೊಂಡು, ಗೀಸರ್ ಬಂದ್ ಮಾಡಿ, ಆಮ್ಯಾಲ ಬಾಗಲಾ ಹಾಕ್ಕೋರಿ. ಒಬ್ಬರ ಹಿಂದ ಒಬ್ಬರು ಐದಾರು ಮಂದಿ ಜಳಕಾ ಮಾಡುವಾಗ ನಡಕ ಬಾಗಲಾ ತೆರದಿಡ್ರಿ. ಕಡೀಕ ಹೋಗಾಕಿಗೆ ಎಲ್ಲಾರಕಿಂತ ಹೆಚ್ಚು ಧೋಕಾ. ನಮ್ಮ ಮನಿಯಾಗ ಕಡೀಕ ಜಳಕಾ ಮಾಡಾಕಿ ಯಾರು, ನಿಮಗ ಗೊತ್ತೈತಿ.

ಮಲಗೂ ಖೋಲಿಯೊಳಗ, ಗಾಡಿಯೊಳಗ, ತಾಡಪತ್ರಿ ಕೆಳಗ ಕೆಂಡ ಇಡಬ್ಯಾಡ್ರಿ. ಖೋಲಿ ಬೆಚ್ಚಗ ಮಾಡೂ ಬದಲಿ ಮಂದೀನ್ನ ಬೆಚ್ಚಗ ಮಾಡ್ರಿ, ಕೌದಿ ಹೊಚ್ಚರಿ, ಬಿಸಿನೀರಿನ ಚೀಲ ಕೊಡ್ರಿ. ಬಾಣಂತಿಗೆ ಕಾಸೂದು ಇದ್ರ ಬಾಗಲಾ ತೆರದು, ಎದುರಿಗೆ ಒಬ್ಬರು ಕುಂತು, ಕಾಸಿದ ಮ್ಯಾಲ ಶೆಗಡಿ ಹೊರಗ ಇಡ್ರಿ.

ಹೊರದೇಶದಾಗ, ಥಂಡಿ ಊರಾಗ ಮಕ್ಕಳು ಇದ್ರ, ಗಾಡಿ ಬಾಡಿಗಿಗೆ ತಗೊಂಡು ಹೋಗೂ ಮೊದಲ ಹೀಟರ್ ಹತ್ತತೈತೇನು ಅಂತಷ್ಟ ಕೇಳಬ್ಯಾಡಂತ ಹೇಳ್ರಿ. ಅಲಾರ್ಮಿನ ಗುಂಡಿ ಒತ್ತಿ ಅದು ಒದರತೈತೇನು ನೋಡಂತ ಹೇಳ್ರಿ. ಅಲಾರ್ಮು ಒದರಿದ್ರ ಕಾರಣಾ ಹುಡುಕೂದು ಆಮ್ಯಾಲ, ಮೊದಲ ಮಕ್ಕಳನ್ನ ಎತಗೊಂಡು ಹೊರಗ ಬರಬೇಕು.

ಯಾರರೆ ಬಿದ್ದಿದ್ರ ಬಾಗಲಾ ತಗದು ಹೊರಗ ಎಳೀರಿ, 108ಕ್ಕ ಫೋನ್ ಮಾಡ್ರಿ. ನೀರು ಉಗ್ಗೂದು, ಉಳ್ಳಾಗಡ್ಡಿ ಮೂಸಸೂದು ಮಾಡ್ಕೋತ ಒಳಗ ಕುಂಡ್ರಬ್ಯಾಡ್ರಿ. ನೀವೂ ಬೀಳತೀರಿ.

ಕಡೇ ಮಾತು. ಒಂದ ಮನಿಯಾಗ, ಒಂದ ಮುಂಜಾನೆ, ಇಬ್ಬರಿಗೆ ತಲಿ ನೋವು ಬಂದು, ಹೊರಗ ಬಂದ ಕೂಡಲೆ ಇಳದ್ರ ಅದನ್ನ ಪಿತ್ತ ಅನಬ್ಯಾಡ್ರಿ, ದೃಷ್ಟಿ ಅನಬ್ಯಾಡ್ರಿ. ಬಾಯಿ ಬಿಟ್ಟು ಹೇಳ್ರಿ. ನಾ ಆವತ್ತು ಮುಂಜಾನೆ ಹೇಳಿದ್ರ ಮಗ ಎರಡನೇ ರಾತ್ರಿ ಆ ಗುಂಡಿ ನಾಕೈದು ಸಲ ಒತ್ತತಿರಲಿಲ್ಲ. ಬ್ಯಾಟರಿ ಬಡವಾಗಿತ್ತಂತ ನಾವು ಉಳದ್ವಿ. ಬ್ಯಾಟರಿ ಗಟ್ಟಿ ಇದ್ದಿದ್ರ ಅನ್ನೂದು ನೆನಸಿಕೊಂಡ್ರ ನನಗ ಈಗೂ ನಿದ್ದಿ ಬರೂದಿಲ್ಲ.

ಬಂದ ಮ್ಯಾಲ ಮೊದಲ ಹುಕ್ಕೇರಿಗೆ ಹೋಗಿ ತಂಗಿ ಮನಿ ಬಚ್ಚಲಾ ನೋಡಿದೆ. ಗೀಸರ್ ಹೊರಗ ಹಾಕಸ್ಯಾರ, ಆದ್ರ ಹೊಸಾ ಪೇಂಟ್ ಹಚ್ಚುವಾಗ ಕಿಡಕಿಗೆ ಮತ್ತ ರಟ್ಟು ಬಡದಿದ್ರು. ನಾನ ಕುರ್ಚಿ ಮ್ಯಾಲ ಹತ್ತಿ ಕಿತ್ತಿ ಬಂದೆ. ನೀವೂ ಇದನ್ನ ಓದಿ ಮುಗಿಸಿದ ಮ್ಯಾಲ ಒಮ್ಮೆ ಎದ್ದು ನಿಮ್ಮ ಬಚ್ಚಲಾ ನೋಡಿ ಬರ್ರಿ. ಚಹಾ ಆಮ್ಯಾಲ ಇಡ್ರಿ.